ಶಿನ್‌ಚಾನ್‌ಗೆ ಐದು ವರ್ಷ, ನೋಡುವವರಿಗೆ?

ಕಾರ್ಟೂನ್ ಎಂದ ಕೂಡಲೇ ಅದು ಮಕ್ಕಳದ್ದು ಎಂದು ತೀರ್ಮಾನಿಸಿಬಿಡುತ್ತೇವೆ. ನಾಯಕ ಐದು ವರ್ಷದ ತುಂಟ ಹುಡುಗನಾದರಂತೂ ಕೇಳುವುದೇ ಬೇಡ. ಅಕ್ಕನ ಮಗು ಹಟ ಹಿಡಿದರೆ ಮೊಬೈಲ್‌ನಲ್ಲಿ ‘ಶಿನ್‌ಚಾನ್’ ಹಾಕಿಕೊಟ್ಟು ನಾವು ನಮ್ಮ ನೋಟ್ಸ್ ಕಡೆಗೆ ತಿರುಗುತ್ತೇವೆ. ನಮ್ಮ ತಲೆಮಾರೂ ಅದನ್ನು ನೋಡಿಯೇ ಬೆಳೆಯಿತು, ನಮಗೇನಾಯಿತು ಎಂಬ ಸಮಾಧಾನ ಬೇರೆ. ಆದರೆ ‘ನಮಗೇನೂ ಆಗಲಿಲ್ಲ’ ಎನ್ನುವುದು ಒಂದು ಸರಣಿಯನ್ನು ಅಳೆಯುವ ಅಳತೆಗೋಲಲ್ಲ.

ಯೋಶಿಟೊ ಉಸುಯಿ 1990ರಲ್ಲಿ ಈ ಹುಡುಗನನ್ನು ಸೃಷ್ಟಿಸಿದ್ದು ‘ಮಾಂಗಾ ಆ್ಯಕ್ಷನ್’ ಎಂಬ ಜಪಾನಿ ವಾರಪತ್ರಿಕೆಗೆ. ಅದರ ಓದುಗರು ಮಕ್ಕಳಲ್ಲ, ವಯಸ್ಕರು. ಮನೆ ಸಾಲದ ಕಂತು ಕಟ್ಟುತ್ತಾ ಆಫೀಸಿಗೆ ಅಲೆಯುವ ಅಪ್ಪ, ರಿಯಾಯಿತಿ ದರದ ಮಾರಾಟ ಕಂಡರೆ ಓಡುವ ಅಮ್ಮ, ಇವರು ಮುಚ್ಚಿಡಲು ನೋಡುವುದನ್ನೆಲ್ಲ ನಾಲ್ಕು ಜನರ ಎದುರು ಹೇಳಿಬಿಡುವ ಮಗ. ಓದುಗ ತನ್ನನ್ನೇ ನೋಡಿ ನಗುವಂತೆ ಮಾಡುವ ವಿಡಂಬನೆ ಅದು. 1992ರಲ್ಲಿ ಟಿ.ವಿ.ಗೆ ಬಂದ ಮೇಲೆ ಮಕ್ಕಳು ಮುಗಿಬಿದ್ದು ನೋಡಿದರು. ಮಕ್ಕಳಿಗೆ ತೋರಿಸಲು ಇಷ್ಟವಿಲ್ಲದ ಕಾರ್ಯಕ್ರಮಗಳ ಸಾಲಿನಲ್ಲಿ ಜಪಾನಿನ ಪೋಷಕರು ಇದನ್ನು ಹಲವು ವರ್ಷ ಹೆಸರಿಸಿದರು. ಭಾರತಕ್ಕೆ 2006ರಲ್ಲಿ ಹಂಗಾಮಾ ವಾಹಿನಿಯ ಮೂಲಕ ಬಂತು. 2008ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಬಳಿಕ ಕತ್ತರಿ ಪ್ರಯೋಗವಾಗಿ ಮತ್ತೆ ತೆರೆಗೆ ಬಂತು.

ಕತ್ತರಿ ಬಿದ್ದದ್ದು ಯಾವುದಕ್ಕೆ ಎಂಬುದೇ ಇಲ್ಲಿ ಮುಖ್ಯ. ಚಡ್ಡಿ ಜಾರಿಸಿ ಕುಣಿಯುವ ದೃಶ್ಯಗಳಿಗೆ, ಕೆಲವು ಮಾತುಗಳಿಗೆ. ನಿಜ ಹೇಳಬೇಕೆಂದರೆ ಐದು ವರ್ಷದ ಮಗು ಬರಿಮೈಯಲ್ಲಿ ಕುಣಿದರೆ ಯಾರೂ ಕೆಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಅದನ್ನು ಕಂಡು ಅಜ್ಜಿಯರು ನಗುತ್ತಾರೆ, ಅಷ್ಟೆ. ಆದರೆ ಅಮ್ಮನ ದಪ್ಪ, ಅವಳ ವಯಸ್ಸಿನ ಬಗೆಗಿನ ಚುಚ್ಚುಮಾತು ಹಾಗೆಯೇ ಉಳಿಯಿತು. ದಾರಿಯಲ್ಲಿ ಸಿಕ್ಕ ಕಾಲೇಜು ಹುಡುಗಿಯ ಹಿಂದೆ ಬಿದ್ದು ದೊಣ್ಣೆಮೆಣಸಿನಕಾಯಿ ಇಷ್ಟವೇ ಎಂದು ಪೀಡಿಸುವುದು ಉಳಿಯಿತು. ಅಮ್ಮ ಗುದ್ದಿದಾಗ ತಲೆಯ ಮೇಲೆ ಏಳುವ ಬುಗುಟೂ ನಗೆಯಾಗಿಯೇ ಉಳಿಯಿತು. ಕಣ್ಣಿಗೆ ಕಂಡದ್ದನ್ನು ಕತ್ತರಿಸಿದರು, ಮನಸ್ಸಿಗೆ ಇಳಿಯುವುದನ್ನು ಬಿಟ್ಟರು.

ನನ್ನ ಪ್ರಕಾರ ಮಕ್ಕಳ ಹಾಸ್ಯ ಸರಣಿಯನ್ನು ತೂಗಲು ಒಂದೇ ಪ್ರಶ್ನೆ ಸಾಕು: ಇಲ್ಲಿ ನಗು ಯಾರ ಮೇಲೆ ಬೀಳುತ್ತಿದೆ ಎಂಬುದು ನೋಡುವ ಮಗುವಿಗೆ ತಿಳಿಯುತ್ತದೆಯೇ? ತೆನಾಲಿ ರಾಮನ ಕಥೆಗಳಲ್ಲೂ ಮೋಸವಿದೆ, ತಂಟೆಯಿದೆ. ಆದರೆ ನಗು ಬೀಳುವುದು ಹೆಚ್ಚಾಗಿ ಅಹಂಕಾರದ ಮೇಲೆ, ದುರಾಸೆಯ ಮೇಲೆ. ಅದು ಆರು ವರ್ಷದ ಮಗುವಿಗೂ ಹೊಳೆಯುತ್ತದೆ. ಶಿನ್‌ಚಾನ್ ಹುಡುಗಿಯರ ಹಿಂದೆ ಹೋದಾಗ ದೊಡ್ಡವರು ನಗುವುದು ಅವನು ದೊಡ್ಡ ಗಂಡಸರನ್ನು ಅನುಕರಿಸುವ ಅಸಂಬದ್ಧತೆಗೆ. ಮಗುವಿಗೆ ಆ ಎರಡನೆಯ ಅರ್ಥ ಕಾಣದು. ಅದಕ್ಕೆ ಕಾಣುವುದು ಇಷ್ಟೇ: ಹೀಗೆ ಮಾಡಿದರೆ ಎಲ್ಲರೂ ನಗುತ್ತಾರೆ.

ಮಕ್ಕಳು ಕಂಡದ್ದನ್ನು ಕಲಿಯುತ್ತಾರೆ ಎಂಬುದಕ್ಕೆ ಸಾಕ್ಷಿ ಬೇರೆಡೆ ಹುಡುಕಬೇಕಿಲ್ಲ, ಈ ಸರಣಿಯೇ ಅದನ್ನು ಹೇಳುತ್ತದೆ. ಶಿನ್‌ಚಾನ್‌ನ ಗೆಳತಿ ನೆನೆ ಆಡಿಸುವ ‘ಮನೆಯಾಟ’ದಲ್ಲಿ ಗಂಡ–ಹೆಂಡತಿ ದೊಡ್ಡವರ ಹಾಗೆಯೇ ಜಗಳವಾಡುತ್ತಾರೆ. ಸಿಟ್ಟು ಬಂದಾಗ ಅವಳ ಅಮ್ಮ ಗೊಂಬೆ ಮೊಲವನ್ನು ಗುದ್ದುತ್ತಾಳೆ, ಮಗಳೂ ಅದನ್ನೇ ಕಲಿಯುತ್ತಾಳೆ. ಉಸುಯಿಗೆ ಮಕ್ಕಳ ಮನಸ್ಸು ಚೆನ್ನಾಗಿ ಗೊತ್ತಿತ್ತು. ಇಷ್ಟು ಸೂಕ್ಷ್ಮವಾದ ಕೃತಿಯನ್ನು ಕೆಟ್ಟದ್ದು ಎಂದು ತಳ್ಳಿಹಾಕುವುದು ಅನ್ಯಾಯ. ಕಿರುಚಾಡುತ್ತಲೇ ಒಬ್ಬರಿಗಾಗಿ ಒಬ್ಬರು ಓಡುವ ಆ ಕುಟುಂಬದಲ್ಲಿ ಪ್ರೀತಿಗೆ ಬರವಿಲ್ಲ. ಹತ್ತು ದಾಟಿದ ಮಕ್ಕಳು ದೊಡ್ಡವರ ಜೊತೆ ಕೂತು ನೋಡಲಿ. ನಾಲ್ಕೈದು ವರ್ಷದವರಿಗೆ ಮಾತ್ರ ಬೇಡ.

ಹಾಗಾದರೆ ವಯಸ್ಸಿನ ಹಣೆಪಟ್ಟಿ ನೋಡಿದರೆ ಸಾಲದೇ? 2021ರ ನಿಯಮಗಳ ಪ್ರಕಾರ ಒಟಿಟಿಯಲ್ಲಿ 7, 13, 16 ವರ್ಷ ಮೇಲ್ಪಟ್ಟವರಿಗೆ ಎಂಬ ವರ್ಗೀಕರಣವಿದೆ. ಉಪಯುಕ್ತವೇ. ಆದರೆ ಯೂಟ್ಯೂಬಿನಲ್ಲಿ ಹರಿದಾಡುವ ತುಣುಕುಗಳ ಮೇಲೆ ಅದು ಕಾಣಸಿಗುವುದು ಅಪರೂಪ. ಅಲ್ಲದೆ ಯೋಗ್ಯತೆ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ಬ್ರಿಟನ್ನಿನ ‘ಪೆಪ್ಪಾ ಪಿಗ್’ನಷ್ಟು ಸಾಧುವಾದ ಸರಣಿ ಇನ್ನೊಂದಿಲ್ಲ. ಅದರಲ್ಲೂ ಜೇಡ ಕಂಡರೆ ಹೆದರಬೇಕಿಲ್ಲ ಎನ್ನುವ ಒಂದು ಕಂತನ್ನು ಆಸ್ಟ್ರೇಲಿಯಾದ ಸಾರ್ವಜನಿಕ ವಾಹಿನಿ ಎಬಿಸಿ 2012ರಲ್ಲಿ ಹಿಂತೆಗೆದುಕೊಂಡಿತು. ಅಲ್ಲಿನ ಕೆಲವು ಜೇಡಗಳು ಪ್ರಾಣಾಂತಿಕ! ಪಟ್ಟಿ ಅಂಟಿಸುವವರಿಗೆ ನಮ್ಮ ಮನೆಯ ಮಗು ಗೊತ್ತಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ತೊಡಕಿದೆ. ಮಗು ಇದನ್ನು ನೋಡುವುದು ಬಹುಪಾಲು ಹಿಂದಿಯಲ್ಲಿ. ಪಕ್ಕದಲ್ಲಿ ಕೂತ ಅಜ್ಜಿಗೆ ಬಣ್ಣ ಕಾಣುತ್ತದೆ, ಮಗುವಿನ ನಗು ಕೇಳುತ್ತದೆ, ಮಾತು ಮಾತ್ರ ತಿಳಿಯದು. ಆ ಮಾತು ಅರ್ಥವಾಗುವವರು ಮನೆಯಲ್ಲಿ ಯಾರು? ಕಾಲೇಜಿಗೆ ಹೋಗುವ ಅಣ್ಣ, ಕೆಲಸ ಹುಡುಕುತ್ತಾ ಮನೆಯಲ್ಲಿರುವ ಚಿಕ್ಕಮ್ಮ, ಸಂಜೆ ಟ್ಯೂಷನ್ ಹೇಳುವ ಪಕ್ಕದ ಮನೆಯ ಅಕ್ಕ. ಅಂದರೆ ನಾವೇ. ಮೊಬೈಲ್ ಕೈಗಿಡುವವರೂ ನಾವೇ.

ಇದಕ್ಕೆ ಭಾರೀ ತ್ಯಾಗವೇನೂ ಬೇಕಿಲ್ಲ. ಹೊಸ ಸರಣಿ ಹಾಕಿಕೊಡುವ ಮೊದಲು ಒಂದು ಕಂತನ್ನು ನಾವು ಪೂರ್ತಿ ನೋಡೋಣ. ಮಗುವಿನ ಜೊತೆ ಒಂದು ಸಲವಾದರೂ ಕೂತು, ಅದು ನಕ್ಕಾಗ ‘ಯಾಕೆ ನಕ್ಕೆ ಪುಟ್ಟಾ?’ ಎಂದು ಕೇಳೋಣ. ‘ಅಮ್ಮ ದಪ್ಪ ಇದ್ದಾಳಲ್ಲ, ಅದಕ್ಕೆ’ ಎಂಬ ಉತ್ತರ ಬಂದರೆ ಆ ಸರಣಿಗೆ ಇನ್ನೂ ನಾಲ್ಕೈದು ವರ್ಷ ಕಾಯಬಹುದು.