ಹುಡುಗಿಗೆ ಕರಾಟೆ, ಊರಿಗೆ ಮಾಫಿ

ಎಲ್ಲಾದರೂ ಒಬ್ಬ ಹೆಣ್ಣುಮಗಳ ಮೇಲೆ ದೌರ್ಜನ್ಯವಾದರೆ ಸಾಕು, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮೈಕು ಹಿಡಿದವರೆಲ್ಲ ಹೇಳುವುದು ಒಂದೇ: ಹುಡುಗಿಯರಿಗೆ ಕರಾಟೆ ಕಲಿಸಿರಿ. ಕೇಳಿ ಕೇಳಿ ರೋಸಿಹೋಗಿದೆ. ಕಲಿಸಿರಿ, ಬೇಡವೆಂದವರು ಯಾರು? ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತೀರಲ್ಲ, ಅದಕ್ಕೆ ನನ್ನ ಸಿಟ್ಟು.

ನಮ್ಮ ಬೆಳಗಾವಿ ಜಿಲ್ಲೆಯ ಹೊಸ ವಂಟಮುರಿಯನ್ನು ಇಷ್ಟು ಬೇಗ ಮರೆತಿರಾ? 2023ರ ಡಿಸೆಂಬರ್ 11ರ ನಸುಕಿನಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಊರು ಬಿಟ್ಟನೆಂಬ ಕಾರಣಕ್ಕೆ ಅವನ ತಾಯಿಯನ್ನು ಮನೆಯಿಂದ ಎಳೆದು ತಂದು, ಬೆತ್ತಲೆ ಮಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಆಗ ಅಧಿವೇಶನ ನಡೆದಿತ್ತು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಾಗ ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರ ಪೀಠ ಹೊಡೆದವರನ್ನಷ್ಟೇ ಅಲ್ಲ, ನೋಡುತ್ತ ನಿಂತವರನ್ನೂ ತರಾಟೆಗೆ ತೆಗೆದುಕೊಂಡಿತು. ನಿಂತವರು ಐವತ್ತು ಅರವತ್ತು ಜನ. ಬಿಡಿಸಲು ಮುಂದೆ ಬಂದವನು ಒಬ್ಬ, ಅವನಿಗೂ ಏಟು ಬಿತ್ತು. ಬ್ರಿಟಿಷರ ಕಾಲದಲ್ಲಿ ಇಡೀ ಊರಿಗೆ ದಂಡ ಹಾಕುತ್ತಿದ್ದುದನ್ನು ಪೀಠ ನೆನಪಿಸಿತು. ಹೇಳಿರಿ, ಆ ತಾಯಿಗೆ ಯಾವ ಬೆಲ್ಟಿನ ಕರಾಟೆ ಬರಬೇಕಿತ್ತು? ತರಬೇತಿ ಬೇಕಾಗಿದ್ದುದು ಆ ಅರವತ್ತು ಜನರಿಗೆ. ಅವರಲ್ಲಿ ಇಪ್ಪತ್ತು ಜನ ಒಟ್ಟಾಗಿ ಅಡ್ಡ ನಿಂತಿದ್ದರೆ ಹಗ್ಗ ಕಂಬದವರೆಗೆ ಹೋಗುತ್ತಿರಲಿಲ್ಲ.

ನಮ್ಮ ಶಾಲೆಗಳ ತರಬೇತಿಯನ್ನೂ ನೋಡಿರಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಇದೆ: ಮೂರು ತಿಂಗಳು, ಶಾಲೆಗೆ ತಿಂಗಳಿಗೆ 5,000 ರೂಪಾಯಿ. ಕೊನೆಗೊಂದು ಪ್ರದರ್ಶನ. ಬಿಳಿ ಅಂಗಿಯ ಹುಡುಗಿ ಉಸಿರು ಬಿಗಿಹಿಡಿದು ಮುಷ್ಟಿಯಿಂದ ಹಂಚು ಒಡೆಯುತ್ತಾಳೆ, ಅತಿಥಿಗಳು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ. ಸಂಜೆ ಮನೆಗೆ ಬಂದ ಸಂಬಂಧಿಕ ಮೈಮುಟ್ಟಿ ಮಾತಾಡಿದರೆ ಏನು ಮಾಡಬೇಕೆಂದು ಮಾತ್ರ ಆಕೆಗೆ ಯಾರೂ ಹೇಳಿಲ್ಲ. ಹೇಳಿಕೊಂಡರೆ ಸಿಗುವ ಉತ್ತರ, ‘ಸುಮ್ಮನಿರು, ಮನಿ ಮರ್ಯಾದಿ ಹೋಗತೈತಿ.’ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷವೂ ಹೇಳುತ್ತಿದೆ: ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರು. ನೂರಕ್ಕೆ 90! ಕತ್ತಲಲ್ಲಿ ಬರುವ ಅಪರಿಚಿತನಿಗೆ ಒದೆಯುವುದನ್ನು ಕಲಿಸಿದಿರಿ, ಹಗಲಿನಲ್ಲಿ ಚಹಾ ಕುಡಿಯಲು ಬರುವವನ ವಿಷಯ ಎತ್ತಲಿಲ್ಲ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ದೂರು ಕೊಡದವರಿಗೆ 2012ರ ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷೆಯಿದೆ. ಇದನ್ನು ಎಷ್ಟು ಪಾಲಕರ ಸಭೆಗಳಲ್ಲಿ ಓದಿ ಹೇಳಿದ್ದೀರಿ?

ಪೊಲೀಸರೂ ಈ ಕರಾಟೆ ಮಾತಿನ ಹಿಂದೆ ಅಡಗುವುದು ಬೇಡ. 2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಯುವತಿಯೊಬ್ಬಳನ್ನು ಒಬ್ಬ ಅವಳ ಮನೆಗೇ ನುಗ್ಗಿ ಕೊಂದ. ಬೆದರಿಕೆಯ ವಿಷಯ ಮೊದಲೇ ತಿಳಿಸಿದ್ದೆವೆಂದು ಮನೆಯವರು ಗೋಳಾಡಿದರು. ಪೊಲೀಸರ ಅಮಾನತು ಆಮೇಲೆ ಬಂತು, ಹುಡುಗಿ ಬರಲಿಲ್ಲ.

ಇನ್ನು ನಮ್ಮ ಗರಡಿಮನೆಗಳು. ಕುಸ್ತಿಯ ಹೆಮ್ಮೆ ನಮಗೆ ಬೆಟ್ಟದಷ್ಟಿದೆ, ಹೆಣ್ಣುಮಗಳು ಎಷ್ಟೋ ಊರುಗಳ ಗರಡಿಯ ಹೊಸ್ತಿಲು ದಾಟುವಂತಿಲ್ಲ. ಅತ್ತ ಹಳಿಯಾಳದ ಹುಡುಗಿಯರು ಕುಸ್ತಿಯಲ್ಲಿ ರಾಷ್ಟ್ರಮಟ್ಟದ ಪದಕ ತಂದರು. ಹೆಣ್ಣುಮಕ್ಕಳು ಮುಂದೆ ಬರುವುದು ಈ ನೆಲಕ್ಕೆ ಹೊಸದೂ ಅಲ್ಲ: ಘಟಪ್ರಭಾದ ಆರೋಗ್ಯಧಾಮ ಕಟ್ಟಿದವರಲ್ಲೊಬ್ಬರಾದ ಡಾ. ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದಲ್ಲಿ ಮಹಿಳಾ ವಿಭಾಗವನ್ನು ಮುನ್ನಡೆಸಿದವರು ಉಮಾಬಾಯಿ ಕುಂದಾಪುರ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಅವರು ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದ್ದರು, ಅವರಲ್ಲಿ ವಿಧವೆಯರೂ ಇದ್ದರು. ನೂರು ವರ್ಷದ ಹಿಂದೆ ಆದದ್ದು ಈಗೇಕೆ ಆಗದು? ಹುರುಪಿಗೇನೂ ಕೊರತೆಯಿಲ್ಲ: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಚುನಾವಣೆಗೆ 2025ರಲ್ಲಿ ಜಿಲ್ಲೆಯ ದೊಡ್ಡವರೆಲ್ಲ ಹಳ್ಳಿ ಹಳ್ಳಿ ಸುತ್ತಿದರು. ಆ ಹುರುಪಿನಲ್ಲಿ ಕಾಲುಪಾಲು ನಮ್ಮ ಹೆಣ್ಣುಮಕ್ಕಳ ಕಡೆ ತಿರುಗಲಿ.

ಕರಾಟೆ ವರ್ಷವಿಡೀ ನಡೆಯಲಿ, ಗರಡಿಯ ಬಾಗಿಲು ಹುಡುಗಿಯರಿಗೂ ತೆರೆಯಲಿ. ಮುಂದಿನ ಗ್ರಾಮಸಭೆಗೆ ಊರಿನ ಗಂಡಸರನ್ನು ಕರೆದು ಕೂರಿಸಿರಿ. 112ಕ್ಕೆ ಯಾರು ಕರೆ ಮಾಡಬೇಕು, ಯಾರು ಅಡ್ಡ ನಿಲ್ಲಬೇಕು, ಯಾರು ಸಾಕ್ಷಿ ಹೇಳಬೇಕು ಎಂದು ಠರಾವು ಬರೆದು ಸಹಿ ಹಾಕಿಸಿಕೊಳ್ಳಿರಿ.