ಗೋಡೆಗೆ ದೊಡ್ಡ ಟೈಲ್ಸ್: ಗೌಂಡಿಗೆ ಹಲ್ಲಿನ ಕರಣಿ ಎಲ್ಲಿ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿಗೆ ಹೋದರೂ ಹೊಸ ಮನೆಯ ಬಚ್ಚಲ ಗೋಡೆಗೆ ಈಗ 2 ಅಡಿ ಅಗಲ, 4 ಅಡಿ ಉದ್ದದ ಟೈಲ್ಸೇ ಬೇಕು. ಮಾಲು ಬದಲಾಯಿತು; ಬಹಳ ಕಡೆ ಗೌಂಡಿಯ ಚೀಲ ಬದಲಾಗಲಿಲ್ಲ. ಅದೇ ಹಳೆಯ ಚೂಪು ಮೂತಿಯ ಕರಣಿ, ಟೈಲ್ಸಿನ ಬೆನ್ನಿಗೆ ಐದು ಕಡೆ ಸಿಮೆಂಟಿನ ಮುದ್ದೆ, ಮೇಲೆ ರಬ್ಬರ್ ಸುತ್ತಿಗೆಯ ನಾಲ್ಕು ಏಟು. ಕೆಲಸ ಮುಗೀತು!

ಮುಗಿಯಲಿಲ್ಲ. ಇಂಥ ಒಂದು ಟೈಲ್ಸಿನ ತೂಕ 15 ಕಿಲೋ ಆಸುಪಾಸು. ಹಿಂದಿನ ಸಣ್ಣ ಸೆರಾಮಿಕ್ ಟೈಲ್ಸ್ ನೀರು ಹೀರುತ್ತಿತ್ತು, ಸಿಮೆಂಟನ್ನು ಹಿಡಿಯುತ್ತಿತ್ತು. ವಿಟ್ರಿಫೈಡ್ ಟೈಲ್ಸ್ ನೂರಕ್ಕೆ ಅರ್ಧ ಪಾಲು ನೀರನ್ನೂ ಕುಡಿಯುವುದಿಲ್ಲ. ಮುದ್ದೆ ಇದ್ದಲ್ಲಿ ಮಾತ್ರ ಆಸರೆ, ಉಳಿದದ್ದೆಲ್ಲ ಪೊಳ್ಳು. ನಾಳೆ ಅದು ಸ್ನಾನಕ್ಕೆ ಕೂತ ಕೂಸಿನ ಮೇಲೆ ಬಿದ್ದರೆ ಹೊಣೆ ಯಾರು?

ಮದ್ದು ದೊಡ್ಡದಲ್ಲ. ಒಳ್ಳೆಯ ಟೈಲ್ಸ್ ಅಂಟು, ಜೊತೆಗೆ 10ರಿಂದ 12 ಮಿ.ಮೀ. ಚೌಕ ಹಲ್ಲಿನ ಕರಣಿ. 6 ಮಿ.ಮೀ. ಹಲ್ಲು ಸಣ್ಣ ಟೈಲ್ಸಿಗೆ ಸಾಕು, ದೊಡ್ಡದಕ್ಕೆ ಸಾಲದು. ಮೊದಲು ಕರಣಿಯ ನೇರ ಅಂಚಿನಿಂದ ಅಂಟನ್ನು ಗೋಡೆಗೆ ಒತ್ತಿ ಬಳಿಯಬೇಕು. ಆಮೇಲೆ ಹಲ್ಲಿನಿಂದ, ಟೈಲ್ಸಿನ ಗಿಡ್ಡ ಅಂಚಿಗೆ ಸಮನಾಗಿ, ಹೊಲದಲ್ಲಿ ಕೂರಿಗೆ ಸಾಲು ಹಿಡಿದಂತೆ ಒಂದೇ ದಿಕ್ಕಿಗೆ ಎಳೆಯಬೇಕು. ರಂಗೋಲಿಯಂತೆ ಸುತ್ತಿಸಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಟೈಲ್ಸಿನ ಬೆನ್ನಿಗೂ ತೆಳ್ಳಗೆ ಅಂಟು ಸವರಬೇಕು. ಮೊದಲನೆಯದನ್ನು ಒತ್ತಿ ಕೂರಿಸಿ, ಹಸಿ ಇದ್ದಾಗಲೇ ಕಿತ್ತು ನೋಡಬೇಕು. ಬೆನ್ನೆಲ್ಲ ಅಂಟು ತುಂಬಿದ್ದರೆ ಕರಣಿ ಸರಿ. ನಡುನಡುವೆ ಬೋಳು ಕಂಡರೆ ಇನ್ನೂ ದೊಡ್ಡ ಹಲ್ಲಿನದು ಬೇಕು.

ಇದಕ್ಕೆ ಗೌಂಡಿಯನ್ನು ಬಯ್ದು ಫಲವಿಲ್ಲ. ದಿನಗೂಲಿಯವನು ತನ್ನ ಗಂಟಿನಿಂದ ಎಷ್ಟು ಹತ್ಯಾರ ಕೊಂಡಾನು? ಟೈಲ್ಸಿಗೆ ಸಾವಿರಗಟ್ಟಲೆ ಸುರಿಯುವ ಮಾಲಕರು ಅಂಟಿನ ಚೀಲ ಕೇಳಿದರೆ ‘ಸಿಮೆಂಟ್ ಸಾಕು ಬಿಡಪಾ’ ಅಂತಾರೆ. ಟೈಲ್ಸ್ ಕಳಚಿದಾಗ ಮಾತ್ರ ಅವನ ಕೂಲಿ ಹಿಡೀತಾರೆ. ಇದು ಯಾವ ನ್ಯಾಯ?

ಕಟ್ಟಡಗಳ ಖರ್ಚಿನ ಮೇಲೆ ನೂರಕ್ಕೆ 1 ರೂಪಾಯಿ ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದು ವಸೂಲಾಗುತ್ತ ಬಂದಿದೆ. ಆ ದುಡ್ಡಿನಲ್ಲಿ ಈ ನಾಲ್ಕು ತಾಲೂಕಿನ ಗೌಂಡಿಗಳಿಗೆ ತಲೆಗೊಂದು ಹಲ್ಲಿನ ಕರಣಿ, ಒಂದು ದಿನದ ಪಾಠ ಸಿಗಬಾರದೇ? ಕಾರ್ಮಿಕ ಇಲಾಖೆಯವರು ಗಮನಿಸಲಿ. ಅಲ್ಲಿಯವರೆಗೆ ಮನೆ ಕಟ್ಟಿಸುವವರೇ ತಂದುಕೊಡಲಿ. ಗೋಡೆ ಅವರದು, ಬಚ್ಚಲಲ್ಲಿ ಕೂರುವ ಕೂಸೂ ಅವರದೇ.