ಗುರುವಿನ ಚಂದ್ರರ ವೇಳಾಪಟ್ಟಿ

ಗೌರಿಬಿದನೂರಿಗಿಂತ ಚಿಂತಾಮಣಿಯಲ್ಲಿ ಸೂರ್ಯ ಸುಮಾರು ಎರಡು ನಿಮಿಷ ಮೊದಲು ನೆತ್ತಿಗೆ ಬರುತ್ತಾನೆ. ಎರಡೂ ಊರುಗಳ ನಡುವೆ ಪೂರ್ವ-ಪಶ್ಚಿಮವಾಗಿ ಸುಮಾರು 57 ಕಿಲೋಮೀಟರ್ ಅಂತರವಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳು ಈ ಅಂತರದ ಮಧ್ಯೆ ಬರುತ್ತವೆ. ಎಲ್ಲರ ಗಡಿಯಾರವೂ ಭಾರತೀಯ ಕಾಲಮಾನವನ್ನೇ ತೋರಿಸುವುದರಿಂದ ಈ ಎರಡು ನಿಮಿಷಗಳ ಗೊಡವೆ ಯಾರಿಗೂ ಇಲ್ಲ. ಆದರೆ ಗುರುಗ್ರಹದ ಚಂದ್ರನಾದ ಅಯೋ ಗುರುವಿನ ನೆರಳನ್ನು ಹೊಕ್ಕು ಮಾಯವಾಗುವುದನ್ನು ಮಾತ್ರ ನಾಲ್ಕೂ ಊರಿನವರು ಒಂದೇ ಕ್ಷಣದಲ್ಲಿ ಕಾಣುತ್ತಾರೆ. ಅದು ಆಕಾಶಕ್ಕೆ ತೂಗುಹಾಕಿದ ಗಡಿಯಾರವಿದ್ದಂತೆ!

ಈ ಗಡಿಯಾರದ ಬೆಲೆಯನ್ನು ಮೊದಲು ಕಂಡವನು ಗೆಲಿಲಿಯೋ. 1610ರ ಜನವರಿಯಲ್ಲಿ ಗುರುವಿನ ಪಕ್ಕದಲ್ಲಿ ನಾಲ್ಕು ಚುಕ್ಕೆಗಳನ್ನು ಕಂಡ ಆತ, ಅವುಗಳ ಚಲನೆಯನ್ನು ಮುಂಚಿತವಾಗಿ ಲೆಕ್ಕ ಹಾಕಿಡಬಹುದಾದರೆ ಭೂಮಿಯ ಯಾವುದೇ ಊರಿನ ರೇಖಾಂಶವನ್ನು ಕಂಡುಹಿಡಿಯಬಹುದೆಂದು ಹೊಳೆದು ಪಟ್ಟಿ ತಯಾರಿಸಲು ಕುಳಿತ. 1668ರಲ್ಲಿ ಕ್ಯಾಸಿನಿ ಪ್ರಕಟಿಸಿದ ಕೋಷ್ಟಕಗಳು ಈ ಕೆಲಸಕ್ಕೆ ಒದಗುವಷ್ಟು ಚೆನ್ನಾಗಿದ್ದವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೇ ಆ ಕಾಲದ ಸಾಫ್ಟ್‌ವೇರ್. ನಮ್ಮ ಕಡೆಗೂ ಈ ವಿದ್ಯೆ ಬಂದಿತ್ತು. ಮದರಾಸು ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ ಮದರಾಸಿನ ರೇಖಾಂಶವನ್ನು ಗೊತ್ತುಮಾಡಲು ಗುರುವಿನ ಚಂದ್ರಗ್ರಹಣಗಳನ್ನು ವರ್ಷಗಟ್ಟಲೆ ನೋಡಿದ. ಅದೇ ಮದರಾಸಿನಿಂದ 1802ರಲ್ಲಿ ಲ್ಯಾಂಬ್ಟನ್ನನ ಭೂಮಾಪನ ಹೊರಟು ಬೆಂಗಳೂರಿನತ್ತ ಬಂತು.

ಪಂಚಾಂಗದಲ್ಲಿ ಗುರು ಯಾವ ರಾಶಿಯಲ್ಲಿದ್ದಾನೆಂಬ ವಿವರ ಉಂಟು. ಅವನ ಚಂದ್ರರ ಸುದ್ದಿ ಇಲ್ಲ. ಬರಿಗಣ್ಣಿಗೆ ಕಾಣದ್ದಕ್ಕೆ ಹಿಂದಿನವರು ಪಂಚಾಂಗ ಬರೆಯುವುದಾದರೂ ಹೇಗೆ? ಆ ಕೊರತೆಯನ್ನು ಇಂದು ಕಂಪ್ಯೂಟರ್ ತುಂಬಿದೆ. ದಿನಾಂಕ, ವೇಳೆ ಕೊಟ್ಟರೆ ಸಾಕು, ಪರದೆಯ ಮೇಲೆ ಗುರುವಿನ ತಟ್ಟೆ, ಅದರ ಎಡಬಲಕ್ಕೆ ನಾಲ್ಕು ಚುಕ್ಕೆಗಳು. ಇನ್ನು ಕೆಲವು ತಂತ್ರಾಂಶಗಳು ಇಡೀ ತಿಂಗಳ ಚಲನೆಯನ್ನು ಮೇಲಿನಿಂದ ಕೆಳಕ್ಕೆ ಇಳಿಯುವ ನಾಲ್ಕು ಅಂಕುಡೊಂಕು ಗೆರೆಗಳಾಗಿ ಬರೆದು ಕೊಡುತ್ತವೆ. ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ಗೂಡಿನಿಂದ ಎಳೆಗಳು ಮೇಲೇಳುವುದನ್ನು ಕಂಡ ಮಕ್ಕಳಿಗೆ ಈ ಚಿತ್ರ ಅಪರಿಚಿತವೆನಿಸದು.

ಇದರ ಒಳಗುಟ್ಟು ಹತ್ತನೆಯ ತರಗತಿಯ ತ್ರಿಕೋನಮಿತಿಗಿಂತ ಬಹಳ ದೂರದ್ದೇನಲ್ಲ. ಸೈಕಲ್ ಚಕ್ರದ ಅಂಚಿಗೆ ಒಂದು ಬಿಳಿ ಚೂರನ್ನು ಅಂಟಿಸಿ, ಚಕ್ರವನ್ನು ಅಡ್ಡ ಮಲಗಿಸಿ ತಿರುಗಿಸುತ್ತ ಕಣ್ಣನ್ನು ಅದೇ ಮಟ್ಟಕ್ಕೆ ತಂದು ನೋಡಬೇಕು. ಚೂರು ಸುತ್ತು ಹೊಡೆಯುವುದು ಕಾಣುವುದಿಲ್ಲ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುವಂತೆ ಕಾಣುತ್ತದೆ. ಗುರುವಿನ ಚಂದ್ರರೂ ನಮಗೆ ಹಾಗೆಯೇ ಕಾಣುತ್ತಾರೆ. ಅಯೋ ಗುರುವಿನ ಕೇಂದ್ರದಿಂದ ಗುರುವಿನ ತ್ರಿಜ್ಯದ 5.9ರಷ್ಟು ದೂರದಲ್ಲಿದೆ. ಒಂದು ಸುತ್ತಿಗೆ 42 ಗಂಟೆ 28 ನಿಮಿಷ, ಅಂದರೆ ಗಂಟೆಗೆ ಎಂಟೂವರೆ ಡಿಗ್ರಿ. ಗುರುವಿನ ಹಿಂದೆ ಮರೆಯಾಗಿರುವಾಗ ಕೋನ ಸೊನ್ನೆ ಎಂದಿಟ್ಟುಕೊಂಡರೆ, ಆ ಕೋನದ ಸೈನ್ ಬೆಲೆಯನ್ನು 5.9ರಿಂದ ಗುಣಿಸಿದಾಗ ಅದು ಪಕ್ಕಕ್ಕೆ ಎಷ್ಟು ಸರಿದಿದೆ ಎಂಬುದು ಬರುತ್ತದೆ. 90 ಡಿಗ್ರಿಯಲ್ಲಿ ಪೂರ್ವದ ತುತ್ತತುದಿ, 5.9. ಎರಡು ಗಂಟೆಯ ಬಳಿಕ 5.6, ಕದಲಿದ್ದೇ ಗೊತ್ತಾಗುವುದಿಲ್ಲ. ಅದೇ ಅಯೋ ಗುರುವಿನ ನಟ್ಟನಡುವೆ ಎದುರಿಗೆ ಇದ್ದಾಗ ಎರಡು ಗಂಟೆ ಕಾದರೆ, 1.7 ತ್ರಿಜ್ಯ ಸರಿದು ತಟ್ಟೆಯ ಆಚೆ ನಿಂತಿರುತ್ತದೆ. ಉಳಿದ ಮೂವರಿಗೂ ಇದೇ ಸೂತ್ರ. ಯೂರೋಪಾಗೆ ದೂರ 9.4, ಅವಧಿ ಮೂರೂವರೆ ದಿನ. ಗ್ಯಾನಿಮೀಡ್‌ಗೆ 15, ಏಳು ದಿನಕ್ಕೆ ಸ್ವಲ್ಪ ಹೆಚ್ಚು. ಕ್ಯಾಲಿಸ್ಟೋಗೆ 26.3, ಹದಿನಾರೂ ಮುಕ್ಕಾಲು ದಿನದಷ್ಟು.

ಹತ್ತು ಹದಿನೈದು ಸಾಲಿನ ಬೇಸಿಕ್ ಪ್ರೋಗ್ರಾಮಿಗೆ ಇಷ್ಟು ಸಾಕು. ಬಿಟ್ಟಿಯಾಗಿ ಸಿಗುವ ಸಿದ್ಧ ತಂತ್ರಾಂಶ ಇದಕ್ಕಿಂತ ಸಾವಿರ ಪಾಲು ಸುಂದರವಾಗಿರುತ್ತದೆ, ನಿಜ. ಆದರೆ ತಾನೇ ಬರೆದ ಹದಿನೈದು ಸಾಲು ಹೇಳಿದ ಕಡೆಯಲ್ಲಿ ರಾತ್ರಿ ಚುಕ್ಕೆ ಇದೆಯೋ ಇಲ್ಲವೋ ಎಂದು ಬೈನಾಕ್ಯುಲರ್ ಹಿಡಿದು ತಾರಸಿ ಹತ್ತುವ ಹುಡುಗಿಗೆ ಸಿಗುವ ಲಾಭ ಬೇರೆಯೇ. ಕಂಪ್ಯೂಟರ್ ಕೊಡಿಸುವ ತಂದೆ ತಾಯಿ ಒಮ್ಮೆ ಜೊತೆಗೆ ತಾರಸಿಗೂ ಬಂದರೆ ಒಳ್ಳೆಯದು. ಬೈನಾಕ್ಯುಲರನ್ನು ಗೋಡೆಗೋ ಕಂಬಕ್ಕೋ ಒರಗಿಸಿ ಹಿಡಿಯಬೇಕು. ಕೈ ನಡುಗಿದರೆ ಚಂದ್ರರೂ ಕುಣಿಯುತ್ತಾರೆ.

ಕೆಲವು ವಾರಗಳಲ್ಲಿ ಲೆಕ್ಕ ತಪ್ಪತೊಡಗುತ್ತದೆ. ಮಜಾ ಇರುವುದೇ ಅಲ್ಲಿ. ಮೊದಲ ಕಾರಣ ಬೆಳಕು. ಗುರುವಿನಿಂದ ಹೊರಟ ಬೆಳಕು ನಮಗೆ ತಲುಪಲು, ಗುರು ಹತ್ತಿರವಿದ್ದಾಗ 35 ನಿಮಿಷ, ದೂರವಿದ್ದಾಗ 50 ನಿಮಿಷಕ್ಕೂ ಹೆಚ್ಚು ಬೇಕು. ನಾವು ಕಾಣುವುದು ಹಳೆಯ ಅಯೋವನ್ನು. ಇದನ್ನು ಮರೆತ ಪ್ರೋಗ್ರಾಂ ಗ್ರಹಣದ ವೇಳೆಯನ್ನು ಒಮ್ಮೆ ಬೇಗ, ಒಮ್ಮೆ ತಡವಾಗಿ ಹೇಳುತ್ತದೆ. 1676ರಲ್ಲಿ ರೋಮರ್ ಎಂಬಾತ ಕ್ಯಾಸಿನಿಯ ಕೋಷ್ಟಕದ ಇಂಥದೇ ಏರುಪೇರನ್ನು ನೋಡಿ, ತಪ್ಪು ಅಯೋನದಲ್ಲ, ಬೆಳಕಿಗೇ ಸಮಯ ಹಿಡಿಯುತ್ತದೆ ಎಂದ. ಬೆಳಕಿಗೆ ವೇಗವಿದೆಯೆಂದು ಜಗತ್ತಿಗೆ ಗೊತ್ತಾದದ್ದು ಹೀಗೆ, ಒಂದು ವೇಳಾಪಟ್ಟಿಯ ತಪ್ಪಿನಿಂದ!

ಎರಡನೆಯದು ಚಂದ್ರರ ಪರಸ್ಪರ ಜಗ್ಗಾಟ. ಅಯೋ ನಾಲ್ಕು ಸುತ್ತು ಬರುವಷ್ಟರಲ್ಲಿ ಯೂರೋಪಾ ಹೆಚ್ಚೂಕಡಿಮೆ ಎರಡು ಸುತ್ತು, ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತವೆ. ಈ ತಾಳದ ಕಟ್ಟುಪಾಡಿನಿಂದಾಗಿ ಮೂರೂ ಒಟ್ಟಿಗೆ ಗುರುವಿನ ಒಂದೇ ದಿಕ್ಕಿನಲ್ಲಿ ಸಾಲಾಗಿ ನಿಲ್ಲುವುದೇ ಇಲ್ಲ. ಈ ಎಳೆದಾಟವನ್ನೆಲ್ಲ ಲೆಕ್ಕಕ್ಕೆ ತಂದು ಸ್ಯಾಂಪ್ಸನ್ 1910ರಲ್ಲಿ ಕೋಷ್ಟಕ ರಚಿಸಿದ. 1977ರಲ್ಲಿ ಲೀಸ್ಕೆ ಅದನ್ನು ಕಂಪ್ಯೂಟರ್ ಯುಗಕ್ಕೆ ತಕ್ಕಂತೆ ತಿದ್ದಿದರು. ಬೆಲ್ಜಿಯಂನ ಜಾನ್ ಮೀಯಸ್ 1991ರ ತಮ್ಮ ಪುಸ್ತಕದಲ್ಲಿ ಹವ್ಯಾಸಿಗಳಿಗೂ ಎಟುಕುವಂತೆ ಆ ವಿಧಾನವನ್ನು ಬಿಡಿಸಿಟ್ಟರು.

ಇಷ್ಟು ಕರಾರುವಾಕ್ಕು ಯಾರಿಗೆ ಬೇಕು? ದೂರದರ್ಶಕದ ಮುಂದೆ ಕುಳಿತವರಿಗೆ ಬೇಕು. 1972ರ ಜೂನ್ 7ರಂದು ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿತು. ತಮಿಳುನಾಡಿನ ಕಾವಲೂರಿನಿಂದಲೂ ಇಂಡೊನೇಷ್ಯಾದ ಲೆಂಬಾಂಗ್‌ನಿಂದಲೂ ಅದನ್ನು ಗಮನಿಸಿದವರಿಗೆ ಗ್ಯಾನಿಮೀಡ್ ಮೇಲೆ ತೆಳುವಾದ ವಾತಾವರಣ ಇರುವ ಸುಳಿವು ಸಿಕ್ಕಿತು. 1979ರಲ್ಲಿ ಅಲ್ಲಿಗೆ ಹೋದ ವಾಯೇಜರ್ ಅದು ಅಂದುಕೊಂಡದ್ದಕ್ಕಿಂತ ತೀರಾ ತೆಳುವೆಂದು ತೋರಿಸಿತು, ಆ ಮಾತು ಬೇರೆ. ಮುನ್ಸೂಚನೆ ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೂ ಆ ರಾತ್ರಿ ಕೈತಪ್ಪುತ್ತಿತ್ತು. ಇನ್ನು ಚಂದ್ರರು ಒಬ್ಬರನ್ನೊಬ್ಬರು ಮರೆಮಾಡುವ ಕಾಲ ಬರುವುದೇ ಸುಮಾರು ಆರು ವರ್ಷಕ್ಕೊಮ್ಮೆ. 1991ರ ಅಂಥ ಸರಣಿಯನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆರ್. ವಸುಂಧರಾ ಕಾವಲೂರಿನ ವೀಕ್ಷಣೆಗಳಿಂದ ವಿಶ್ಲೇಷಿಸಿದರು. ಹೀಗೆ ಅಳೆದ ವೇಳೆಗಳೇ ಮುಂದಿನ ತಂತ್ರಾಂಶವನ್ನು ತಿದ್ದುವ ಸಾಮಗ್ರಿ.

ಗೌರಿಬಿದನೂರಿಗೂ ಅಯೋಗೂ ಇನ್ನೊಂದು ನಂಟು ಕಟ್ಟಬಹುದು. ಅದು ಕಣ್ಣಿನದಲ್ಲ, ಕಿವಿಯದು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಖಭೌತ ಸಂಸ್ಥೆಗಳು ಸೇರಿ ಅಲ್ಲಿ ಸ್ಥಾಪಿಸಿದ ರೇಡಿಯೋ ದೂರದರ್ಶಕ 1976ರಿಂದ ಕೆಲಸ ಆರಂಭಿಸಿತು. ಇಂಗ್ಲಿಷಿನ ಟಿ ಅಕ್ಷರದಂತೆ ನೆಟ್ಟ ಸಾವಿರ ಡೈಪೋಲ್ ಆಂಟೆನಾಗಳು. ಅವು ಆಲಿಸುತ್ತಿದ್ದುದು 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ. ಅಲ್ಲಿಂದ ಕಾಣುವ ಇಡೀ ಆಕಾಶದ ರೇಡಿಯೋ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ಗುರು ಹೊರಡಿಸುವ ರೇಡಿಯೋ ಸದ್ದು ಸುಮಾರು 40 ಮೆಗಾಹರ್ಟ್ಸ್‌ಗೆ ನಿಂತುಬಿಡುತ್ತದೆ. 34.5 ಆ ಮಿತಿಯ ಒಳಗೇ ಇದೆ.

ಈ ಸದ್ದು ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ ಅವರಿಗೆ ಸಿಕ್ಕಿದ್ದು 1955ರಲ್ಲಿ, ಆಕಸ್ಮಿಕವಾಗಿ. ಮೊದಲು ಅವರು ಅದನ್ನು ಹತ್ತಿರದ ಯಾವುದೋ ವಾಹನದ ಗಲಾಟೆಯೆಂದೇ ಭಾವಿಸಿದ್ದರಂತೆ. 1964ರಲ್ಲಿ ಆಸ್ಟ್ರೇಲಿಯಾದ ಬಿಗ್ ಇದಕ್ಕೂ ಅಯೋಗೂ ಸಂಬಂಧವಿದೆಯೆಂದು ಕಂಡುಕೊಂಡರು. ಅಯೋ ತನ್ನ ಪಥದಲ್ಲಿ 90 ಡಿಗ್ರಿಯ ಸುತ್ತಮುತ್ತ, ಇಲ್ಲವೇ 240ರ ಸುತ್ತಮುತ್ತ ಇರುವಾಗ, ಜೊತೆಗೆ ಗುರುವಿನ ತಕ್ಕ ಪಾರ್ಶ್ವ ನಮ್ಮತ್ತ ತಿರುಗಿರುವಾಗ ಸದ್ದು ಜೋರು. ಗುರುವಿನ ಕಾಂತಕ್ಷೇತ್ರವನ್ನು ಸೀಳಿಕೊಂಡು ಓಡುವ ಅಯೋ ಒಂದು ಡೈನಮೋದಂತೆ ವರ್ತಿಸುತ್ತದೆ. ಹರಿಯುವ ವಿದ್ಯುತ್ತು ಲಕ್ಷಾಂತರ ಆಂಪಿಯರ್!

ಆದ್ದರಿಂದ ಚಂದ್ರರ ತಂತ್ರಾಂಶವೇ ಇಲ್ಲಿ ರೇಡಿಯೋ ಕಾರ್ಯಕ್ರಮದ ಪಟ್ಟಿಯೂ ಆಗುತ್ತದೆ. 'ರೇಡಿಯೋ-ಜುಪಿಟರ್ ಪ್ರೊ' ಎಂಬ ತಂತ್ರಾಂಶ ಅಯೋನ ಕೋನವನ್ನೂ ಗುರುವಿನ ತಿರುವನ್ನೂ ಲೆಕ್ಕ ಹಾಕಿ ಯಾವ ಹೊತ್ತಿಗೆ ಸದ್ದು ಬರುವ ಸಂಭವವಿದೆ ಎಂದು ತಿಳಿಸುತ್ತದೆ. ಸಂಭವ ಮಾತ್ರ, ಭರವಸೆಯಲ್ಲ. ವಿದ್ಯಾರ್ಥಿಗಳಿಗಾಗಿ ನಾಸಾ ಆರಂಭಿಸಿದ 'ರೇಡಿಯೋ ಜೋವ್' ಯೋಜನೆಯ ಮೊದಲ ಕಿಟ್ 20.1 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತಿತ್ತು. ಅದರ ಆಂಟೆನಾ ಎಂದರೆ ಏಳು ಮೀಟರ್ ಉದ್ದದ ತಂತಿಗಳು ಅಷ್ಟೇ. ಸಮುದ್ರದ ಅಲೆ ದಡಕ್ಕೆ ಬಂದು ಹಿಂದೆ ಸರಿದಂತಹ ಮೊರೆತ ಕೇಳಿಸುತ್ತದೆ. ಪಕ್ಕದ ತೋಟದ ಬೋರ್‌ವೆಲ್ ಮೋಟಾರು, ವಿದ್ಯುತ್ ಕಂಬದ ಕಿಡಿ ಇವು ಗುರುವಿಗಿಂತ ಜೋರಾಗಿ ಕಿರುಚಬಹುದು. ಊರಾಚೆ, ನಡುರಾತ್ರಿಯ ನಂತರ ಪ್ರಯತ್ನಿಸುವುದು ಮೇಲು.

ರೇಡಿಯೋ ಇಲ್ಲದವರು ಗಡಿಯಾರದ ಪ್ರಯೋಗಕ್ಕೇ ಮರಳಬಹುದು. ಗೌರಿಬಿದನೂರಿನಲ್ಲಿ ಒಬ್ಬ, ಚಿಂತಾಮಣಿಯಲ್ಲಿ ಒಬ್ಬಳು, ಹಗಲಿನಲ್ಲಿ ನೆಟ್ಟ ಕೋಲಿನ ನೆರಳು ಅತಿ ಗಿಡ್ಡವಾದ ಕ್ಷಣಕ್ಕೆ ತಮ್ಮ ತಮ್ಮ ಗಡಿಯಾರವನ್ನು 12ಕ್ಕೆ ಇಡಬೇಕು. ರಾತ್ರಿ ಸಣ್ಣ ದೂರದರ್ಶಕದಲ್ಲಿ ಅಯೋ ಮಾಯವಾದ ವೇಳೆ ಗುರುತಿಸಿಕೊಳ್ಳಬೇಕು. ಚಿಂತಾಮಣಿಯ ಗಡಿಯಾರ ಎರಡು ನಿಮಿಷ ಮುಂದಿರುತ್ತದೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ರೇಖಾಂಶ. ಅಯೋ ಥಟ್ಟನೆ ಆರುವುದಿಲ್ಲ, ಮೂರೂವರೆ ನಿಮಿಷದಷ್ಟು ಹೊತ್ತು ಮಂಕಾಗುತ್ತ ಹೋಗುತ್ತದೆ. ಹತ್ತು ಸೆಕೆಂಡು ತಪ್ಪಿದರೆ ಊರು ನಾಲ್ಕೂವರೆ ಕಿಲೋಮೀಟರ್ ಆಚೀಚೆ ಆಯಿತೆಂದೇ ಲೆಕ್ಕ! ಕೋಲಿನ ನೆರಳು ಅದಕ್ಕಿಂತಲೂ ಹೆಚ್ಚು ಸತಾಯಿಸುತ್ತದೆ. ಹಲವು ದಿನ ಅಳೆದು ಸರಾಸರಿ ತೆಗೆಯಬೇಕು. ಚಂದ್ರರು ಒಬ್ಬರನ್ನೊಬ್ಬರು ಮುಚ್ಚುವ ಸರಣಿ 2021ರ ನಂತರ 2026-27ರಲ್ಲಿ ಬರುತ್ತದೆ. ಅದರ ವೇಳೆಗಳೂ ತಂತ್ರಾಂಶದ ಪಟ್ಟಿಯಲ್ಲಿ ಸಿಗುತ್ತವೆ, ಮೋಡದ ವಿಷಯವೊಂದನ್ನು ಬಿಟ್ಟು.